ಹಡಗಿನಲ್ಲಿ ರಾತ್ರಿಯೂಟ: ಮೊದಲ ಹಂತಿಯೋ, ಎರಡನೇ ಹಂತಿಯೋ? (ಪದೇ ಪದೇ ಕೇಳುವ ಪ್ರಶ್ನೆಗಳು)

ಕಾಸರಗೋಡಿನ ನಮ್ಮ ಕಡೆಯಿಂದ ಈಗ ಕ್ರೂಸ್‌ಗೆ, ಅಂದರೆ ದೊಡ್ಡ ಹಡಗಿನಲ್ಲೇ ಉಳಿದು ಮಾಡುವ ಪ್ರವಾಸಕ್ಕೆ, ಹೋಗುವವರು ಜಾಸ್ತಿ ಆಗಿದ್ದಾರೆ. ಕೆಲವರು ಕೊಚ್ಚಿಗೋ ಮುಂಬಯಿಗೋ ರೈಲಿನಲ್ಲಿ ಹೋಗಿ ಅಲ್ಲಿಂದ ಹಡಗು ಹತ್ತುತ್ತಾರೆ. ಮಕ್ಕಳು ಗಲ್ಫ್‌ನಲ್ಲಿ ಇರುವವರು ದುಬೈಯಿಂದ ಹೋಗುತ್ತಾರೆ. ಇನ್ನು ಕೆಲವರದು ಸಿಂಗಾಪುರ. ನಾನು ಮನೆಯವರ ಜೊತೆ ಮೂರು ಸಲ ಹೋಗಿ ಬಂದಿದ್ದೇನೆ. ಆಮೇಲೆ ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯದ ನೆಂಟರು, ಸ್ನೇಹಿತರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ವೀಸಾ, ಕ್ಯಾಬಿನ್ ವಿಷಯ ಎಲ್ಲರೂ ಕೇಳುತ್ತಾರೆ. ಊಟದ ಸಮಯದ ವಿಷಯ ಮಾತ್ರ ಬುಕಿಂಗ್ ಫಾರ್ಮ್ ಎದುರಿಗೆ ಬಂದಾಗಲೇ ನೆನಪಾಗುವುದು. ಅಲ್ಲಿ ಅವಸರದಲ್ಲಿ ಯಾವುದೋ ಒಂದನ್ನು ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಕೊಟ್ಟು ಹೋಗುತ್ತೇವೆ. ಹಸಿವಾದಾಗ ಊಟ ಮಾಡಿದರೆ ಆಯ್ತಲ್ವಾ? ಸಮಯ ಯಾಕೆ ಆರಿಸಬೇಕು?

ನಮ್ಮ ಮದುವೆ ಮನೆಯನ್ನು ನೆನಪು ಮಾಡಿಕೊಳ್ಳಿ. ಐನೂರು ಜನ ಬಂದಿದ್ದಾರೆ, ಚಪ್ಪರದಲ್ಲಿ ಇನ್ನೂರೈವತ್ತು ಎಲೆಗೆ ಜಾಗ. ಏನು ಮಾಡುತ್ತೇವೆ? ಮೊದಲ ಹಂತಿ, ಎರಡನೇ ಹಂತಿ. ಹಡಗಿನಲ್ಲಿಯೂ ಅಷ್ಟೇ. ಎರಡು, ಮೂರು ಸಾವಿರ ಜನ ಇರುವ ಹಡಗಿನ ಮುಖ್ಯ ಊಟದ ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂರಲು ಆಗುವುದಿಲ್ಲ. ಅಡುಗೆಮನೆಗೂ ಒಂದೇ ಸಲ ಅಷ್ಟು ಜನರಿಗೆ ಬಿಸಿ ಬಿಸಿ ಬಡಿಸಲು ಆಗುವುದಿಲ್ಲ. ಹಾಗಾಗಿ ಮೊದಲಿನಿಂದಲೂ ಎರಡು ಹಂತಿಯ ಪದ್ಧತಿ ಇದೆ.

ಇದು ಬರೀ ಊಟದ ಪ್ರಶ್ನೆಯೂ ಅಲ್ಲ. ಹಾಲ್‌ನಲ್ಲಿ ಕೂತು ಮಾಡುವ ಊಟಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮೊದಲು ಸೂಪ್ ಅಥವಾ ಸಲಾಡ್, ಆಮೇಲೆ ಮುಖ್ಯ ಊಟ, ಕೊನೆಗೆ ಸಿಹಿ. ಒಂದೊಂದಾಗಿ ತರುತ್ತಾರೆ. ಆ ಎರಡು ಗಂಟೆ ಎಲ್ಲಿ ಬರುತ್ತದೆ ಎಂಬುದರ ಮೇಲೆ ನಿಮ್ಮ ಇಡೀ ಸಂಜೆ ನಿಂತಿದೆ.

ಯಾವ್ಯಾವ ಆಯ್ಕೆ ಇರುತ್ತದೆ?

ಸಾಮಾನ್ಯವಾಗಿ ಮೂರು. ಮೊದಲ ಹಂತಿ ಸಂಜೆ 5:30ರಿಂದ 6ರ ನಡುವೆ ಸುರು ಆಗುತ್ತದೆ. ಎರಡನೇ ಹಂತಿ 8ರಿಂದ 8:30ರ ನಡುವೆ. ಈ ಎರಡರಲ್ಲಿಯೂ ದಿನಾ ಅದೇ ಟೇಬಲ್, ಅದೇ ವೇಟರ್.

ಮೂರನೆಯದು ನಿಮಗೆ ಬೇಕಾದಾಗ ಹೋಗುವುದು. 5:30ರಿಂದ 9ರ ಒಳಗೆ ಯಾವಾಗಲಾದರೂ ಹೋಗಬಹುದು. ರಾಯಲ್ ಕೆರಿಬಿಯನ್ ಎಂಬ ಹಡಗು ಕಂಪನಿಯವರು ಇದನ್ನು ಮೈ ಟೈಮ್ ಡೈನಿಂಗ್ ಎನ್ನುತ್ತಾರೆ, ಕಾರ್ನಿವಲ್‌ನವರು ಯುವರ್ ಟೈಮ್ ಡೈನಿಂಗ್. ನಾರ್ವೇಜಿಯನ್ ಕಂಪನಿ 2000ನೇ ಇಸವಿಯಲ್ಲಿ ಫ್ರೀಸ್ಟೈಲ್ ಎಂಬ ಹೆಸರಿನಲ್ಲಿ ಹಂತಿ ಪದ್ಧತಿಯನ್ನೇ ಬಿಟ್ಟಿತು. ಆ ಹಡಗುಗಳಲ್ಲಿ ನಿಗದಿ ಸಮಯ ಅಂತ ಇಲ್ಲವೇ ಇಲ್ಲ. ಬೇಕಾದಾಗ ಹೋಗುವ ಪದ್ಧತಿಯಲ್ಲಿ 7ರಿಂದ 7:30ಕ್ಕೆ ಬಾಗಿಲಲ್ಲಿ ಸಾಲು ಇರುವುದು ಸಹಜ. ಎಲ್ಲರಿಗೂ ಹಸಿವಾಗುವುದು ಆಗಲೇ ಅಲ್ವಾ? 6:15ಕ್ಕೆ ಅಥವಾ 8 ಕಳೆದ ಮೇಲೆ ಹೋದರೆ ಕಾಯುವುದು ಕಡಿಮೆ. ಮೊದಲೇ ಆ್ಯಪ್‌ನಲ್ಲಿ ಸಮಯ ಹೇಳಿಡಲು ಬಿಡುವ ಹಡಗುಗಳೂ ಇವೆ.

ಒಂದೇ ಮಾತಿನಲ್ಲಿ ಹೇಳಿ, ಯಾವುದು ಒಳ್ಳೆಯದು?

ನಿಮ್ಮ ಮನೆಯಲ್ಲಿ ಅತಿ ಕಡಿಮೆ ತಾಳಿಕೊಳ್ಳಬಲ್ಲ ಹೊಟ್ಟೆ ಯಾರದು? ಆ ಹೊಟ್ಟೆಗೆ ಯಾವುದು ಹೊಂದುತ್ತದೋ ಅದು. ಅಜ್ಜಿಯದು ಇರಬಹುದು, ಮೂರು ವರ್ಷದ ಮಗುವಿನದು ಇರಬಹುದು. ಉಳಿದವರು ಹೇಗೂ ಸುಧಾರಿಸುತ್ತಾರೆ. ಮದುವೆ ಮನೆಯಲ್ಲಿ ನಾವು ಮೊದಲ ಹಂತಿಗೆ ಯಾರನ್ನು ಕೂರಿಸುತ್ತೇವೆ? ವಯಸ್ಸಾದವರನ್ನು, ಮಕ್ಕಳಿರುವವರನ್ನು, ದೂರ ಹೋಗಬೇಕಾದವರನ್ನು. ನಮ್ಮ ಹಿರಿಯರ ಆ ಲೆಕ್ಕ ಹಡಗಿಗೂ ಸರಿ ಹೊಂದುತ್ತದೆ ಎಂದು ನನಗೆ ಅನಿಸಿದೆ. ಒಂದು ವಿಷಯದಲ್ಲಿ ಮಾತ್ರ ಅದು ಉಲ್ಟಾ ಆಗುತ್ತದೆ. ಅದು ಮುಂದಿನ ಪ್ರಶ್ನೆ.

ನಾವು ಊರಲ್ಲಿ ರಾತ್ರಿ 8:30ಕ್ಕೆ ಉಣ್ಣುವವರು. ಹಾಗಾದರೆ ಎರಡನೇ ಹಂತಿಯೇ ಸರಿಯಾ?

ಹಡಗು ಎಲ್ಲಿಂದ ಹೊರಡುತ್ತದೆ ಎಂದು ಮೊದಲು ನೋಡಿ. ಗಡಿಯಾರ ಬದಲಾದರೂ ಹೊಟ್ಟೆ ಎರಡು ಮೂರು ದಿನ ಊರಿನ ಸಮಯದಲ್ಲೇ ಇರುತ್ತದೆ. ನಾಲ್ಕು ದಿನದ ಪ್ರವಾಸ ಆದರೆ ಹೊಟ್ಟೆ ಹೊಂದಿಕೊಳ್ಳುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ.

ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6 ಎಂದರೆ ನಮ್ಮ ಹೊಟ್ಟೆಗೆ ಮಧ್ಯಾಹ್ನ 3:30. ಮಧ್ಯಾಹ್ನ ಉಂಡದ್ದೇ ಕರಗಿರುವುದಿಲ್ಲ. ಅಲ್ಲಿಯ 8:30 ಎಂದರೆ ನಮ್ಮ ಸಂಜೆ 6. ಅದೂ ಸ್ವಲ್ಪ ಬೇಗವೇ, ಆದರೂ ಪರವಾಗಿಲ್ಲ. ಸಿಂಗಾಪುರದಿಂದ ಹೋಗುವುದಾದರೆ ನಮ್ಮವರಿಗೆ ಎರಡನೇ ಹಂತಿ ಅಥವಾ ಬೇಕಾದಾಗ ಹೋಗುವುದು ಒಳ್ಳೆಯದು.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6 ಎಂದರೆ ನಮಗೆ 7:30. ಸರಿಯಾದ ಹೊತ್ತು. ಅಲ್ಲಿಯ 8:30 ಎಂದರೆ ನಮಗೆ ರಾತ್ರಿ 10. ವಯಸ್ಸಾದವರು ತಟ್ಟೆಯ ಎದುರು ತೂಕಡಿಸುತ್ತಾರೆ. ಹಾಗಾಗಿ ಊರಿನಿಂದ ನೇರವಾಗಿ ಹೋದವರಿಗೆ ದುಬೈಯಲ್ಲಿ ಮೊದಲ ಹಂತಿ ಒಳ್ಳೆಯದು. ಅಲ್ಲೇ ಇರುವ ಮಗ, ಮಗಳ ಹೊಟ್ಟೆ ಆ ಊರಿನ ಸಮಯಕ್ಕೆ ಹೊಂದಿರುತ್ತದೆ, ಅವರಿಗೆ ಬೇಗ ಅನಿಸಬಹುದು. ನಾಲ್ಕು ದಿನ ಅಪ್ಪ ಅಮ್ಮನಿಗಾಗಿ ಅವರು ಹೊಂದಿಕೊಳ್ಳಲಿ.

ಯುರೋಪಿನ ಮೆಡಿಟರೇನಿಯನ್ ಕಡೆ ಬೇಸಿಗೆಯಲ್ಲಿ ಹೋದರೆ ಇಟಲಿ, ಸ್ಪೇನ್‌ನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿಯ 8:30 ನಮಗೆ ನಡುರಾತ್ರಿ 12. ಅಲ್ಲಿ ಮೊದಲ ಹಂತಿ ಬಿಟ್ಟರೆ ಬೇರೆ ಯೋಚನೆ ಬೇಡ. ಶ್ರೀಲಂಕಾ, ಲಕ್ಷದ್ವೀಪ, ಗೋವಾ ಕಡೆ ಹೋದರೆ ಈ ಲೆಕ್ಕವೇ ಇಲ್ಲ, ಎಲ್ಲ ನಮ್ಮದೇ ಸಮಯ.

ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ಸಿಂಗಾಪುರಕ್ಕೆ ಹೋಗುವಾಗ ಟಿಕೆಟ್ ಮಾಡಿಸಿಕೊಟ್ಟವರು ನಮ್ಮನ್ನು ಕೇಳದೆಯೇ ಮೊದಲ ಹಂತಿ ಹಾಕಿದ್ದರು. ವಯಸ್ಸಾದವರು ಇದ್ದಾರಲ್ಲ, ಬೇಗ ಉಂಡು ಮಲಗಲಿ ಎಂದು ಎಣಿಸಿರಬೇಕು. ನಾನೂ ನೋಡಿ ಸುಮ್ಮನಿದ್ದೆ. ಮೊದಲ ದಿನ ಅಮ್ಮ ತಟ್ಟೆಯ ಎದುರು ಕೂತರು. ಒಂದು ತುತ್ತು ಇಳಿಯಲಿಲ್ಲ. ವೇಟರ್ ಪಾಪ, ಅಡುಗೆ ರುಚಿಸಲಿಲ್ಲವೋ ಎಂದು ಮೂರು ಸಲ ಬಂದು ಕೇಳಿದ. ರಾತ್ರಿ ಹತ್ತೂವರೆಗೆ ಅಮ್ಮ ಕ್ಯಾಬಿನ್‌ನಲ್ಲಿ ಎದ್ದು ಕೂತು, "ಒಂದು ಮುಷ್ಟಿ ಅನ್ನ ಎಲ್ಲಿಯಾದರೂ ಸಿಕ್ಕೀತಾ ಮಗಾ?" ಎಂದು ಕೇಳಿದರು. ಊರಲ್ಲಿ ಆಗ ಗಂಟೆ 8. ಅವರು ಉಣ್ಣುವ ಹೊತ್ತು. ಮರುದಿನ ಬೆಳಿಗ್ಗೆಯೇ ಹೋಗಿ ಸಮಯ ಬದಲಾಯಿಸಿದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಏನು ಮಾಡಬೇಕು?

ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ ಎರಡು ವಿಷಯ ಹೇಳಿ: ಹಡಗಿನಲ್ಲಿ ಊಟ ಎಷ್ಟು ಗಂಟೆಗೆ, ಆ ಊರಿನ ಸಮಯ ನಮಗಿಂತ ಎಷ್ಟು ಹಿಂದೆ ಮುಂದೆ. ಔಷಧಿಯ ಸಮಯ ಹೇಗೆ ಬದಲಿಸಬೇಕು ಎಂದು ಅವರು ಬರೆದುಕೊಡುತ್ತಾರೆ. ನೀವಾಗಿ ಲೆಕ್ಕ ಹಾಕಬೇಡಿ.

ಇನ್ನೊಂದು ಮುಖ್ಯ ಮಾತು. ಹಂತಿ 6ಕ್ಕೆ ಎಂದರೆ ಅನ್ನ ಬಾಯಿಗೆ ಬರುವುದು 6ಕ್ಕೆ ಅಲ್ಲ. ಆರ್ಡರ್ ತೆಗೆದುಕೊಂಡು, ಸೂಪ್ ಬಂದು, ಮುಖ್ಯ ಊಟ ಬರುವಾಗ 6:45 ಆಗಬಹುದು. ಊಟಕ್ಕೆ ಸ್ವಲ್ಪ ಮೊದಲು ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ಕ್ಯಾಬಿನ್‌ನಲ್ಲೇ ಚುಚ್ಚಿಕೊಂಡು ಹೊರಟು, ಲಿಫ್ಟ್‌ಗೆ ಕಾದು, ಟೇಬಲ್‌ನಲ್ಲಿ ಮತ್ತೆ ಕಾದರೆ ಸಕ್ಕರೆ ಇಳಿದುಬಿಡುತ್ತದೆ. ಕೆಲವು ಗುಳಿಗೆಗಳೂ ಹಾಗೆಯೇ. ಕೂತ ಕೂಡಲೇ ಬ್ರೆಡ್ ಬುಟ್ಟಿ ತರಲು ಹೇಳಿ. "ಇವರಿಗೆ ಸಕ್ಕರೆ ಕಾಯಿಲೆ, ಊಟ ಬೇಗ ಬೇಕು" ಎಂದು ಮೊದಲ ದಿನವೇ ವೇಟರ್‌ಗೆ ಹೇಳಿ. ಇಂಥ ಮನೆಯವರಿಗೆ ನಿಗದಿ ಸಮಯದ ಹಂತಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಬೇಕಾದಾಗ ಹೋಗುವ ಪದ್ಧತಿಯಲ್ಲಿ ಸಾಲು ಇದ್ದರೆ ಅರ್ಧ ಗಂಟೆ ಹೇಗೂ ಹೋಗುತ್ತದೆ.

ಜೇಬಿನಲ್ಲಿ ಬೆಲ್ಲವೋ ಗ್ಲುಕೋಸ್ ಬಿಸ್ಕತ್ತೋ ಇರಲಿ. ಎದೆಯುರಿ, ಹುಳಿತೇಗು ಇರುವವರು ಎರಡನೇ ಹಂತಿ ಬಿಡುವುದು ಒಳ್ಳೆಯದು. ಊಟ ಮುಗಿಯುವಾಗ 10 ಆಗುತ್ತದೆ. ಮಲಗುವ ಮೊದಲು ಎರಡು ಮೂರು ಗಂಟೆ ಬಿಡಬೇಕು ಎಂದರೆ ಅವರು ಮಲಗುವುದು ಯಾವಾಗ?

ಸಣ್ಣ ಮಕ್ಕಳಿದ್ದಾರೆ.

ಮೊದಲ ಹಂತಿ. ಸಿಂಗಾಪುರ ಆದರೆ ಬೇಕಾದಾಗ ಹೋಗುವುದು. ಮಕ್ಕಳ ಊಟ ಮೊದಲು ತನ್ನಿ ಎಂದರೆ ತರುತ್ತಾರೆ.

ಸೂರ್ಯ ಮುಳುಗುವುದನ್ನು ನೋಡಬೇಕು ಎಂದು ಆಸೆ. ಮೊದಲ ಹಂತಿಯಾದರೆ ತಪ್ಪಿಹೋಗುತ್ತದಾ?

ಬೇಕಲದ ಕೋಟೆಯ ಮೇಲೆ ನಿಂತು ಸೂರ್ಯ ಮುಳುಗುವುದನ್ನು ಎಷ್ಟೋ ಸಲ ನೋಡಿದ್ದೇವೆ. ಆದರೆ ನಾಲ್ಕೂ ಕಡೆ ನೀರೇ ಇರುವಾಗ ನೋಡುವುದು ಬೇರೆಯೇ. ತಪ್ಪಿಸಿಕೊಳ್ಳಬೇಡಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 6ಕ್ಕೆ. ಕ್ರೂಸ್ ಓಡಾಟ ಜಾಸ್ತಿ ಇರುವುದೂ ಆ ತಿಂಗಳುಗಳಲ್ಲೇ. ಮೊದಲ ಹಂತಿಯವರು ಆ ಹೊತ್ತಿಗೆ ಸರಿಯಾಗಿ ಒಳಗೆ ಕೂತಿರುತ್ತಾರೆ. ಸಿಂಗಾಪುರದಲ್ಲಿ ವರ್ಷವಿಡೀ 7ರ ಸುಮಾರಿಗೆ. ಮೊದಲ ಹಂತಿಯವರು ಸಿಹಿ ಬಿಟ್ಟು ಎದ್ದರೆ ಸಿಕ್ಕೀತು. ದುಬೈಯಲ್ಲಿ ಡಿಸೆಂಬರ್‌ನಲ್ಲಿ 5:30ರ ಸುಮಾರಿಗೆ ಮುಳುಗುತ್ತದೆ. ಅಲ್ಲಿ ನೋಡಿ ಮುಗಿಸಿಯೇ ಊಟಕ್ಕೆ ಹೋಗಬಹುದು. ಯುರೋಪಿನಲ್ಲಿ ಜೂನ್‌ನಲ್ಲಿ ಉಂಡು, ಶೋ ನೋಡಿ ಬಂದರೂ ಬೆಳಕು ಇರುತ್ತದೆ. ಬಾರ್ಸಿಲೋನಾದಲ್ಲಿ ಸೂರ್ಯ ಮುಳುಗುವಾಗ ರಾತ್ರಿ 9 ದಾಟಿರುತ್ತದೆ.

ಒಂದು ದಿನ ಹಾಲ್‌ನ ಊಟ ಬಿಟ್ಟು, ಮೇಲಿನ ಡೆಕ್‌ನಲ್ಲಿ ಸೂರ್ಯನನ್ನು ನೋಡಿ, ಬಫೆಯಲ್ಲಿ ಉಣ್ಣಿ. ಯಾರೂ ಏನೂ ಅನ್ನುವುದಿಲ್ಲ. ಮುಸ್ಸಂಜೆಗೆ ದೀಪ ಹಚ್ಚುವ ಅಭ್ಯಾಸ ಇರುವ ಅಮ್ಮಂದಿರಿಗೆ ಒಂದು ಮಾತು: ಹಡಗಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹಚ್ಚಲು ಬಿಡುವುದಿಲ್ಲ. ಬೆಂಕಿಯ ಭಯ. ನಮ್ಮ ಅಮ್ಮ ಡೆಕ್‌ನಲ್ಲಿ ನಿಂತು ಮುಳುಗುವ ಸೂರ್ಯನಿಗೇ ಕೈಮುಗಿದರು. ಆಮೇಲೆ ಊಟಕ್ಕೆ ಬಂದರು. ಎರಡನೇ ಹಂತಿಗೆ ಬದಲಾಯಿಸಿದ್ದರಿಂದ ಅದೂ ಸಾಧ್ಯವಾಯಿತು.

ಶೋಗಳು ತಪ್ಪಿಹೋಗುವುದಿಲ್ಲವಾ?

ಇಲ್ಲ. ದೊಡ್ಡ ಹಡಗಿನ ಥಿಯೇಟರ್‌ನಲ್ಲಿ ಒಂದೇ ಶೋ ಸಂಜೆ ಎರಡು ಸಲ ಇರುತ್ತದೆ. ಮೊದಲ ಹಂತಿಯವರು ಉಂಡ ಮೇಲೆ ನೋಡುತ್ತಾರೆ, ಎರಡನೇ ಹಂತಿಯವರು ನೋಡಿ ಬಂದು ಉಣ್ಣುತ್ತಾರೆ. ಆಟಕ್ಕೆ ಹೋಗುವ ಮೊದಲು ಮನೆಯಲ್ಲಿ ಉಂಡು ಹೋಗುವುದು ನಮ್ಮ ಊರಿನ ಅಭ್ಯಾಸ. ಹಸಿದ ಹೊಟ್ಟೆಯಲ್ಲಿ ಯಕ್ಷಗಾನ ನೋಡಿದವರು ಯಾರಿದ್ದಾರೆ? ನನಗೂ ಉಂಡೇ ನೋಡುವುದು ಇಷ್ಟ. ಆದರೆ ಉಂಡು ಬಂದು ಕತ್ತಲೆಯ ಥಿಯೇಟರ್‌ನಲ್ಲಿ ಕೂತರೆ ಅತ್ತೆ, ಮಾವಂದಿರಿಗೆ ನಿದ್ದೆ ಬರುತ್ತದೆ. ಅವರಿಗೆ ಮೊದಲ ಶೋ, ಎರಡನೇ ಹಂತಿ ಒಳ್ಳೆಯದು.

ಹಡಗು ಬಂದರಿನಲ್ಲಿ ನಿಲ್ಲುವ ದಿನ?

ಅಲ್ಲಿ ಮೊದಲ ಹಂತಿ ಸ್ವಲ್ಪ ಅವಸರ. ಊರು ಸುತ್ತಿ, ಬೆವರಿ, 5ಕ್ಕೆ ಹಡಗಿಗೆ ಬಂದರೆ ಮಿಂದು, ಬಟ್ಟೆ ಬದಲಿಸಿ 5:45ಕ್ಕೆ ಹಾಲ್‌ಗೆ ಹೋಗಬೇಕು. ನಮ್ಮ ಕಡೆಯವರಿಗೆ ಮೀಯದೆ ಊಟಕ್ಕೆ ಕೂರಲು ಮನಸ್ಸು ಬರುವುದಿಲ್ಲ. ಇಂಥ ದಿನ ಬಫೆಯೇ ಸುಲಭ. ನಿಮ್ಮ ಪ್ರವಾಸದಲ್ಲಿ ದಿನಾ ಒಂದು ಬಂದರು ಇದ್ದರೆ ಎರಡನೇ ಹಂತಿ ಅಥವಾ ಬೇಕಾದಾಗ ಹೋಗುವುದು ಆರಿಸಿ.

ಫೋನ್‌ನ ಗಡಿಯಾರ ಬಂದರಿನ ಟವರ್ ಸಿಕ್ಕಿದ ಕೂಡಲೇ ತಾನಾಗಿ ಬದಲಾಗುತ್ತದೆ. ಸಿಂಗಾಪುರದಿಂದ ಹೋಗಿ ಫುಕೆಟ್‌ನಲ್ಲಿ ಇಳಿದರೆ ಅಲ್ಲಿ ಒಂದು ಗಂಟೆ ಹಿಂದೆ. ಹಡಗು ತನ್ನ ಸಮಯವನ್ನು ಬದಲಿಸದೆ ಇರಬಹುದು. ಊಟಕ್ಕೂ, ಹಡಗು ಹತ್ತುವುದಕ್ಕೂ ಲೆಕ್ಕ ಹಡಗಿನ ಸಮಯವೇ. ಒಬ್ಬರ ಕೈಯಲ್ಲಾದರೂ ಮಾಮೂಲಿ ವಾಚ್ ಇರಲಿ, ಅದನ್ನು ಹಡಗಿನ ಸಮಯಕ್ಕೆ ಇಡಿ.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಇದಕ್ಕೂ ಊಟದ ಸಮಯಕ್ಕೂ ಸಂಬಂಧ ಇದೆಯಾ?

ತುಂಬಾ ಇದೆ. ಜನ ಯೋಚಿಸುವುದು ಇದನ್ನೇ ಕಡಿಮೆ.

ನಿಗದಿ ಹಂತಿಯಲ್ಲಿ ದಿನಾ ಅದೇ ವೇಟರ್. ಮೊದಲ ದಿನ ನೀವು ಕೂತು ವಿವರಿಸುತ್ತೀರಿ: ಮೀನು ಬೇಡ, ಮೊಟ್ಟೆ ಬೇಡ, ಕೋಳಿಯ ಸಾರಿನಲ್ಲಿ ಬೇಯಿಸಿದ ಸೂಪ್ ಬೇಡ, ಜಿಲೆಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವುದು) ಹಾಕಿದ ಸಿಹಿ ಬೇಡ. ಎರಡನೇ ದಿನ ಅವನಿಗೆ ನೆನಪಿರುತ್ತದೆ. ಮೂರನೇ ದಿನ ನೀವು ಕೇಳುವ ಮೊದಲೇ ಹೇಳುತ್ತಾನೆ, ಈ ಕೇಕ್‌ನಲ್ಲಿ ಮೊಟ್ಟೆ ಇದೆ, ಹಣ್ಣು ತರಲಾ ಎಂದು. ಹೆಡ್ ವೇಟರ್ ಸಂಜೆಯೇ ಮರುದಿನದ ಮೆನು ತಂದು ತೋರಿಸುತ್ತಾರೆ. ನಿಮಗೆ ಬೇಕಾದ ಪಲ್ಯವೋ ದಾಲೋ ಮೊದಲೇ ಹೇಳಿಟ್ಟರೆ ಬೇರೆಯಾಗಿ ಮಾಡಿಸಿಡುತ್ತಾರೆ. ಈ ಕೆಲಸದಲ್ಲಿ ಭಾರತದವರು ತುಂಬ ಜನ ಇದ್ದಾರೆ. ನಮ್ಮ ಟೇಬಲ್‌ಗೆ ಬರುತ್ತಿದ್ದ ಹುಡುಗ ಗೋವಾದವನು. ಅಮ್ಮ ಕೊಂಕಣಿಯಲ್ಲಿ ಎರಡು ಮಾತು ಆಡಿದ್ದಕ್ಕೆ ಅವನ ಮುಖ ಅರಳಿತು. ಆಮೇಲೆ ಅಮ್ಮನಿಗೆ ದಿನಾ ಒಂದು ಬಟ್ಟಲು ಮೊಸರು ಕೇಳದೆಯೇ ಬರುತ್ತಿತ್ತು.

ಬೇಕಾದಾಗ ಹೋಗುವ ಪದ್ಧತಿಯಲ್ಲಿ ಪ್ರತಿ ದಿನ ಬೇರೆ ಟೇಬಲ್, ಬೇರೆ ವೇಟರ್ ಆಗಬಹುದು. ದಿನಾ ಮೊದಲಿನಿಂದ ಹೇಳಬೇಕು. ಅದೇ ವೇಟರ್ ಬೇಕು ಎಂದು ಬಾಗಿಲಲ್ಲಿ ಕೇಳಿದರೆ ಕೆಲವೊಮ್ಮೆ ಕೊಡುತ್ತಾರೆ, ಆದರೆ ಕಾಯಬೇಕು.

ಆದ್ದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ನನ್ನ ಸಲಹೆ ನಿಗದಿ ಹಂತಿ. ಬುಕಿಂಗ್ ಮಾಡುವಾಗಲೇ ವಿಶೇಷ ಊಟದ ಜಾಗದಲ್ಲಿ ಬರೆದಿಡಿ, ಹಡಗು ಹತ್ತಿದ ಮೇಲೆ ಮತ್ತೊಮ್ಮೆ ಹೇಳಿ. ಮುಂಬಯಿ, ಕೊಚ್ಚಿ, ಚೆನ್ನೈ ಕಡೆಯಿಂದ ಹೊರಡುವ ಕಾರ್ಡೆಲಿಯಾದಂಥ ಕಂಪನಿಯ ಹಡಗಿನಲ್ಲಿ ಭಾರತೀಯ ಅಡುಗೆ, ಜೈನ ಊಟ ಇರುವುದರಿಂದ ಇಷ್ಟು ಚಿಂತೆ ಬೇಡ. ಕುಚ್ಚಲಕ್ಕಿ ಅನ್ನ, ತಂಬುಳಿ ಮಾತ್ರ ಎಲ್ಲಿಯೂ ನಿರೀಕ್ಷೆ ಮಾಡಬೇಡಿ.

ಸೂರ್ಯ ಮುಳುಗುವ ಮೊದಲೇ ಉಣ್ಣುವ ನಿಯಮ ಇದೆ. ಸಾಧ್ಯವಾ?

ಸಾಂಗ್ಲಿ, ಜತ್ತ ಕಡೆಯ ಕನ್ನಡದ ಜೈನ ಬಂಧುಗಳೊಬ್ಬರು ಇದನ್ನು ಕೇಳಿದ್ದರು. ಸಿಂಗಾಪುರದಲ್ಲಿ ಮೊದಲ ಹಂತಿಗೆ ಹೋದರೆ ಸಾಧ್ಯ. ಬೇಗ ಬಡಿಸಲು ಹೇಳಬೇಕು, ಅಷ್ಟೇ. ಯುರೋಪಿನ ಬೇಸಿಗೆಯಲ್ಲಿ ಚಿಂತೆಯೇ ಇಲ್ಲ. ಮುಂಬಯಿ, ದುಬೈಯ ಚಳಿಗಾಲದಲ್ಲಿ ಕಷ್ಟ. ಹಾಲ್‌ನ ಬಾಗಿಲು ತೆರೆಯುವಾಗಲೇ ಸೂರ್ಯ ಮುಳುಗಿರಬಹುದು. ಬಫೆಯಲ್ಲಿ ಸಂಜೆ ಏನು ಸಿಗುತ್ತದೆ ಎಂದು ಮೊದಲೇ ಕೇಳಿ, ಅಥವಾ ಹೆಡ್ ವೇಟರ್‌ಗೆ ಹೇಳಿ 5ಕ್ಕೆ ಕಟ್ಟಿಕೊಡಲು ಕೇಳಿ. ನಿಯಮ ಪಾಲಿಸುವವರನ್ನು ಅವರು ಗೌರವದಿಂದಲೇ ನೋಡುತ್ತಾರೆ.

ಏಕಾದಶಿ, ಸೋಮವಾರದ ಒಪ್ಪೊತ್ತು ಇರುವವರು ಆ ದಿನ ಹಾಲ್‌ಗೆ ಹೋಗಲೇಬೇಕೆಂದಿಲ್ಲ. ಬಫೆಯಲ್ಲಿ ಹಣ್ಣು ಇರುತ್ತದೆ. ಬರುವುದಿಲ್ಲ ಎಂದು ಹಿಂದಿನ ದಿನ ವೇಟರ್‌ಗೆ ತಿಳಿಸಿದರೆ ಅವನು ಕಾಯುವುದು ತಪ್ಪುತ್ತದೆ.

ನಾವು ಹದಿನಾಲ್ಕು ಜನ. ನಾಲ್ಕು ಮನೆಯವರು, ನಾಲ್ಕು ಬುಕಿಂಗ್. ಒಟ್ಟಿಗೆ ಕೂರಬಹುದಾ?

ನಾಲ್ಕೂ ಬುಕಿಂಗ್‌ಗೆ ಒಂದೇ ಹಂತಿ ಇರಬೇಕು. ಮೊದಲು ಅದನ್ನು ನೋಡಿ. ಒಬ್ಬರು ಮೊದಲನೆಯದು, ಇನ್ನೊಬ್ಬರು ಎರಡನೆಯದು ಒತ್ತಿದ್ದರೆ ಅಲ್ಲಿಗೆ ಮುಗಿಯಿತು. ಆಮೇಲೆ ನಾಲ್ಕು ಬುಕಿಂಗ್ ನಂಬರುಗಳನ್ನು ಒಂದಕ್ಕೊಂದು ಜೋಡಿಸಲು ಹೇಳಿ. ಟಿಕೆಟ್ ಮಾಡಿಸಿದವರೇ ಅದನ್ನು ಮಾಡಬಹುದು. ಹದಿನಾಲ್ಕು ಜನಕ್ಕೆ ಒಂದೇ ಟೇಬಲ್ ಸಿಗುವುದು ಅಪರೂಪ. ಎಂಟು, ಆರು ಎಂದು ಪಕ್ಕಪಕ್ಕ ಸಿಗುತ್ತದೆ. ದೊಡ್ಡ ಗುಂಪಿಗೆ ಬೇಕಾದಾಗ ಹೋಗುವ ಪದ್ಧತಿ ಒಳ್ಳೆಯದಲ್ಲ. ಬಾಗಿಲಲ್ಲಿ ಹದಿನಾಲ್ಕು ಜನ ನಿಂತರೆ ಜಾಗ ಖಾಲಿ ಆಗುವಾಗ ಹೊತ್ತಾಗುತ್ತದೆ.

ಗೊತ್ತಿಲ್ಲದವರ ಜೊತೆ ಒಂದೇ ಟೇಬಲ್‌ಗೆ ಹಾಕುತ್ತಾರಂತೆ?

ಹಾಕಬಹುದು. ಇಷ್ಟ ಇಲ್ಲದಿದ್ದರೆ ಬೇರೆ ಟೇಬಲ್ ಬೇಕು ಎಂದು ಬುಕಿಂಗ್‌ನಲ್ಲೇ ಬರೆಯಿರಿ. ಹಂತಿಯಲ್ಲಿ ಪಕ್ಕದ ಎಲೆಯವರ ಪರಿಚಯ ಮಾಡಿಕೊಂಡು ಉಣ್ಣುವವರು ನಾವು. ಒಂದು ದಿನ ಕೂತು ನೋಡಿ.

ಒಮ್ಮೆ ಆರಿಸಿದ ಮೇಲೆ ಬದಲಾಯಿಸಬಹುದಾ?

ಬದಲಾಯಿಸಬಹುದು. ಪ್ರವಾಸಕ್ಕೆ ಮೊದಲು ಆದರೆ ಬುಕಿಂಗ್‌ನಲ್ಲೇ. ಬೇಕಾದದ್ದು ತುಂಬಿದ್ದರೆ ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿಸಿ. ಹಡಗು ಹತ್ತಿದ ಮೇಲೆ ಆದರೆ ಮೊದಲ ದಿನ ಮಧ್ಯಾಹ್ನವೇ ಊಟದ ಹಾಲ್‌ನ ಬಾಗಿಲಿಗೆ ಹೋಗಿ. ಅಲ್ಲಿ ಹೆಡ್ ವೇಟರ್ ಅಥವಾ ಅವರ ಕಡೆಯವರು ಇದಕ್ಕೆಂದೇ ಕೂತಿರುತ್ತಾರೆ. ಎಷ್ಟು ಬೇಗ ಹೋಗುತ್ತೀರೋ ಅಷ್ಟು ಒಳ್ಳೆಯದು. ಕಾರಣ ಇದ್ದರೆ ನೇರವಾಗಿ ಹೇಳಿ. ಅಮ್ಮನಿಗೆ ಹೀಗಾಯಿತು ಎಂದು ನಾನು ಹೇಳಿದಾಗ ಎರಡೇ ನಿಮಿಷದಲ್ಲಿ ಮಾಡಿಕೊಟ್ಟರು.

ತಡವಾದರೆ ಒಳಗೆ ಬಿಡುವುದಿಲ್ಲವಾ?

ನಿಗದಿ ಹಂತಿಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ತಡ ಮಾಡಬೇಡಿ. ಅಡುಗೆಮನೆ ಹಂತಿ ಹಂತಿಯಾಗಿ ಕೆಲಸ ಮಾಡುತ್ತದೆ. ಮೊದಲ ಹಂತಿಯವರು ತಡ ಮಾಡಿದರೆ ಆ ಹುಡುಗರು ಟೇಬಲ್ ಒರೆಸಿ, ಬಟ್ಟೆ ಬದಲಿಸಿ, ಮತ್ತೆ ಎಲ್ಲ ಜೋಡಿಸಿ ಎರಡನೇ ಹಂತಿಗೆ ತಯಾರಾಗುವುದು ಕಷ್ಟ. ನಮ್ಮ ಮದುವೆಗಳಲ್ಲಿ ಎಲೆ ತೆಗೆದು, ಒರೆಸಿ, ಮತ್ತೆ ಎಲೆ ಹಾಕುವವರ ಓಡಾಟ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಬಫೆ ಇದೆಯಲ್ಲ, ದಿನಾ ಅಲ್ಲೇ ಉಂಡರೆ ಆಗದಾ?

ಆಗುತ್ತದೆ. ಎರಡಕ್ಕೂ ಟಿಕೆಟ್‌ನಲ್ಲೇ ದುಡ್ಡು ಕೊಟ್ಟಿರುತ್ತೀರಿ. ಆದರೆ ಮೊಣಕಾಲು ನೋವಿರುವವರು ತಟ್ಟೆ ಹಿಡಿದು, ಅಲುಗಾಡುವ ಹಡಗಿನಲ್ಲಿ, ಜಾಗ ಹುಡುಕುತ್ತಾ ತಿರುಗುವುದು ನೋಡಲು ಬೇಸರ. ಅಪ್ಪ ಅಮ್ಮನನ್ನು ಕೂರಿಸಿ ಬಡಿಸುವ ಜಾಗ ಇರುವಾಗ ಅಲ್ಲಿಗೆ ಕರೆದುಕೊಂಡು ಹೋಗಿ. ಬೇರೆ ದುಡ್ಡು ಕೊಡುವ ಹೋಟೆಲುಗಳೂ ಹಡಗಿನಲ್ಲಿ ಇರುತ್ತವೆ. ಅವುಗಳ ಸಮಯ ಬೇರೆಯಾಗಿ ಕಾದಿರಿಸಬೇಕು. ಸಸ್ಯಾಹಾರಿಗಳು ಮೆನು ನೋಡದೆ ದುಡ್ಡು ಕಟ್ಟಬೇಡಿ.

ಹಾಲ್‌ಗೆ ಹೋಗಲು ಕೋಟು ಬೇಕಾ?

ಬೇಡ. ಚಡ್ಡಿ, ಬನಿಯನ್ ಆಗದು. ಒಂದೆರಡು ರಾತ್ರಿ ಚೆನ್ನಾಗಿ ಉಟ್ಟು ಬನ್ನಿ ಎನ್ನುತ್ತಾರೆ. ಆ ದಿನಕ್ಕೆ ರೇಷ್ಮೆ ಸೀರೆ, ಜುಬ್ಬ ಧಾರಾಳ ಸಾಕು.

ಹಡಗು ಅಲುಗಾಡಿದರೆ ಹೊಟ್ಟೆ ತೊಳಸುತ್ತದೆ. ಯಾವ ಸಮಯ ಒಳ್ಳೆಯದು?

ಬರೀ ಹೊಟ್ಟೆಯಲ್ಲಿ ಇರುವುದೂ ಕೆಟ್ಟದು, ತುಂಬ ಉಣ್ಣುವುದೂ ಕೆಟ್ಟದು. ಅಂಥವರಿಗೆ ಮೊದಲ ಹಂತಿಯಲ್ಲಿ ಸ್ವಲ್ಪ ಉಂಡು, ಡೆಕ್‌ನಲ್ಲಿ ಗಾಳಿಗೆ ನಡೆದು, ಆಮೇಲೆ ಮಲಗುವುದು ಹಿತ. ಹಾಲ್‌ನಲ್ಲಿ ಹಡಗಿನ ನಡುಭಾಗಕ್ಕೆ ಹತ್ತಿರದ ಟೇಬಲ್ ಕೇಳಿ, ಅಲ್ಲಿ ತೂಗಾಟ ಕಡಿಮೆ. ತೊಳಸುವಿಕೆಯ ಗುಳಿಗೆಯನ್ನು ತೊಳಸಲು ಸುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ, ಮೊದಲೇ ನುಂಗಬೇಕು. ನಿದ್ದೆ ಬರಿಸುವ ಗುಳಿಗೆಗಳೂ ಇವೆ, ಎರಡನೇ ಹಂತಿಯವರು ಅದನ್ನು ನೆನಪಿಟ್ಟುಕೊಳ್ಳಿ. ಶುಂಠಿ ಚೂರು ಅಮ್ಮನ ಚೀಲದಲ್ಲಿ ಹೇಗೂ ಇರುತ್ತದೆ.

ಮೊದಲ ದಿನ ಏನು ಮಾಡಬೇಕು?

ಮೊದಲ ದಿನ ಎಲ್ಲರಿಗೂ ಆಯಾಸ. ಕಾಸರಗೋಡಿನಿಂದ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಮುಂಬಯಿಗೆ ಹೋದವರು ಒಂದು ರಾತ್ರಿ ರೈಲಿನಲ್ಲೇ ಕಳೆದಿರುತ್ತಾರೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ.

ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಸುರಕ್ಷತೆಯ ತರಬೇತಿ ಇರುತ್ತದೆ. ಊಟದ ನೆಪದಲ್ಲಿ ಅದನ್ನು ತಪ್ಪಿಸಬೇಡಿ. 2012ರ ಜನವರಿ 13ರಂದು ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು ಇಟಲಿಯ ಜಿಲಿಯೋ ದ್ವೀಪದ ಬಳಿ ಬಂಡೆಗೆ ತಾಗಿದಾಗ ರಾತ್ರಿ 9:45ರ ಸುಮಾರು. ತುಂಬ ಜನ ಊಟಕ್ಕೆ ಕೂತಿದ್ದರು. ಅದೇ ದಿನ ಹಡಗು ಹತ್ತಿದವರಿಗೆ ಇನ್ನೂ ತರಬೇತಿಯೇ ಆಗಿರಲಿಲ್ಲ. 32 ಜನ ತೀರಿಕೊಂಡರು. ಆಮೇಲೆ ನಿಯಮ ಬದಲಾಯಿತು. 2015ರಿಂದ ಈ ತರಬೇತಿ ಹೊರಡುವ ಮೊದಲೇ ಅಥವಾ ಹೊರಟ ತಕ್ಷಣ ಆಗಲೇಬೇಕು. ಅಪಾಯ ಬಂದಾಗ ನೀವು ಹೋಗಿ ಸೇರಬೇಕಾದ ಜಾಗಕ್ಕೆ ಊಟದ ಹಾಲ್‌ನಿಂದ ದಾರಿ ಯಾವುದು ಎಂದು ಆ ದಿನವೇ ನಡೆದು ನೋಡಿ. ವಯಸ್ಸಾದವರನ್ನೂ ಕರೆದುಕೊಂಡು ನಡೆಯಿರಿ.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರಕಾರಿ ಹಡಗಿನಲ್ಲಿಯೂ ಹೀಗೆಯಾ?

ಅಲ್ಲ. ಎಂ.ವಿ. ಕವರತ್ತಿಯಂಥ ಹಡಗು ದ್ವೀಪದ ಜನರ ಓಡಾಟಕ್ಕೆ ಇರುವುದು. ಪ್ರವಾಸಿಗರೂ ಅದರಲ್ಲಿ ಹೋಗುತ್ತಾರೆ. ಅಲ್ಲಿ ಊಟದ ಗಂಟೆಗೆ ಹೋಗಿ ಉಣ್ಣುವುದು, ಆರಿಸುವ ವಿಷಯ ಇಲ್ಲ. ಮನೆಯ ಉಪ್ಪಿನಕಾಯಿ ತೆಗೆದುಕೊಂಡು ಹೋಗಿ.

ಬೇಗ ಉಂಡರೆ ನಡುರಾತ್ರಿ ಹಸಿವಾಗುತ್ತದೆ. ಏನಾದರೂ ಸಿಗುತ್ತದಾ?

ಸಿಗುತ್ತದೆ. ದೊಡ್ಡ ಹಡಗಿನಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್, ಕಾಫಿ ತಡರಾತ್ರಿಯವರೆಗೆ ಇರುತ್ತದೆ. ಕ್ಯಾಬಿನ್‌ಗೆ ತರಿಸಬಹುದು, ಅದಕ್ಕೆ ದುಡ್ಡು ತೆಗೆದುಕೊಳ್ಳುವ ಹಡಗುಗಳೂ ಇವೆ. ಆದರೆ ಅನ್ನ ಉಣ್ಣುವ ಹೊಟ್ಟೆಗೆ ಪಿಜ್ಜಾ ಸಮಾಧಾನ ಕೊಡುವುದಿಲ್ಲ ಅಲ್ವಾ? ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ತೆಗೆದುಕೊಂಡು ಹೋಗಬೇಡಿ, ಹತ್ತುವಾಗಲೇ ತೆಗೆದಿಡುತ್ತಾರೆ. ತೆಳು ಅವಲಕ್ಕಿ ಒಂದು ಪೊಟ್ಟಣ ಇರಲಿ. ಬಫೆ ಮುಚ್ಚುವ ಮೊದಲು ಒಂದು ಬಟ್ಟಲು ಮೊಸರು ತಂದಿಡಿ. ಆ ರಾತ್ರಿ ಹತ್ತೂವರೆಗೆ ಅಮ್ಮನಿಗೆ ಅನ್ನ ಸಿಗಲಿಲ್ಲ. ನನ್ನ ಹೆಂಡತಿ ಚೀಲದ ತಳದಿಂದ ಅವಲಕ್ಕಿ ತೆಗೆದು, ಮಧ್ಯಾಹ್ನ ತಂದಿಟ್ಟಿದ್ದ ಮೊಸರಿನಲ್ಲಿ ಕಲಸಿ, ಚಹದ ಕಪ್‌ನಲ್ಲಿ ಹಾಕಿ ಕೊಟ್ಟಳು. ಅಮ್ಮ ಕಿಟಕಿಯ ಹತ್ತಿರ ಕೂತು, ಹೊರಗಿನ ಕತ್ತಲೆ ನೀರನ್ನು ನೋಡುತ್ತಾ ಅಷ್ಟನ್ನೂ ತಿಂದು ಮಲಗಿದರು.